ಗಾಲಿಗೆ ಬಿದ್ದ ಏಟು

ನಮ್ಮೂರಿನ ಹೆಸರು ಕೇಳಬೇಡಿ. ಕೇಳಿದರೂ ಹೇಳಲ್ಲ. ಆ ಊರಲ್ಲಿ ಆರು ಬೀದಿ, ಬೀದಿಗೊಂದು ಫಿರಂಗಿ, ಫಿರಂಗಿಗೆ ಆರು ಜಾಗ, ಜಾಗಕ್ಕೊಂದು ಮನೆ ಅಂತ ತಿಳಿದುಕೊಂಡರೆ ಸಾಕು. ಫಿರಂಗಿಯ ಪಕ್ಕ ನಿಂತವನಿಗೆ ಅಪ್ಪ ಇಟ್ಟ ಹೆಸರು ಕಳಚಿ ಬೀಳುತ್ತಿತ್ತು, ಮಾಡುವ ಕೆಲಸವೇ ಹೆಸರಾಗುತ್ತಿತ್ತು. ಮದ್ದಿನ ಚೀಲ ತಂದು ಫಿರಂಗಿಯ ಬಾಯಿಗಿಡುವವನು ಚೀಲ. ಕಿಡಿ ಹೊತ್ತಿಸುವ ಹುರಿ ಎಳೆಯುವವನು ಹುರಿ. ಕುದುರೆ ನೋಡಿಕೊಳ್ಳುವವನು ಕುದುರೆ. ಇವರೆಲ್ಲರ ಮೇಲೆ ಕೂಗಾಡುವವನು ಗುರಿಕಾರ. ಒದ್ದೆ ಕುರಿತೊಗಲು ಸುತ್ತಿದ ಒರೆಸುಗೋಲನ್ನು ಫಿರಂಗಿಯ ಬಾಯೊಳಗೆ ತೂರಿಸಿ ಹೊಟ್ಟೆ ಒರೆಸಿ, ಅದೇ ಕೋಲಿನ ಇನ್ನೊಂದು ತುದಿಯಿಂದ ಮದ್ದು ದಬ್ಬುವವನು ಕೋಲು. ನಮ್ಮ ಫಿರಂಗಿಯಲ್ಲಿ ಅವನೇ ಹಿರಿಯ, ಅದಕ್ಕೇ ಎಲ್ಲರೂ ಕೋಲಣ್ಣ ಅನ್ನುತ್ತಿದ್ದೆವು.

ನಾನು ಹೆಬ್ಬೆಟ್ಟು.

ನಗಬೇಡಿ. ಫಿರಂಗಿಯ ಬೆನ್ನ ಮೇಲೆ, ಹಿಂಭಾಗದಲ್ಲಿ, ಸಣ್ಣದೊಂದು ತೂತು ಇರುತ್ತದೆ. ಅದಕ್ಕೆ ಕಿವಿ ಅನ್ನುತ್ತಿದ್ದೆವು. ಒರೆಸುಗೋಲು ಒಳಗೆ ಹೋಗಿ ಹೊರಗೆ ಬರುವಷ್ಟು ಹೊತ್ತೂ ಆ ಕಿವಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿರಬೇಕು. ಒಮ್ಮೆ ಹಾರಿಸಿದ ಫಿರಂಗಿಯ ಹೊಟ್ಟೆಯಲ್ಲಿ ಕೆಂಡ ಉಳಿದಿರುತ್ತದೆ. ಕಿವಿ ತೆರೆದರೆ ಗಾಳಿ ನುಗ್ಗುತ್ತದೆ, ಗಾಳಿ ನುಗ್ಗಿದರೆ ಕೆಂಡ ಎದ್ದು ಕೂರುತ್ತದೆ, ಕೆಂಡ ಎದ್ದರೆ ಹೊಸ ಮದ್ದು ಹೊತ್ತಿಕೊಳ್ಳುತ್ತದೆ. ಆಗ ಫಿರಂಗಿಯ ಬಾಯಿಗೆ ಎರಡು ಕೈ ಚಾಚಿ ನಿಂತಿರುವವನು ಕೋಲಣ್ಣ. ಒಬ್ಬನ ಎರಡು ತೋಳು ಇನ್ನೊಬ್ಬನ ಒಂದು ಬೆರಳಿನಡಿ. ನಮ್ಮ ಕೆಲಸ ಅಂದರೆ ಇಷ್ಟೇ.

ಇನ್ನು ಊರಿನ ಕಟ್ಟಳೆ. ಅದೂ ಒಂದೇ. ಜಾಗ ಖಾಲಿ ಇರಕೂಡದು. ಜಾಗ ತುಂಬಿದ್ದರೆ ಆ ಮನೆಯವನು ಸತ್ತಿಲ್ಲ. ಚೀಲ ಬಿದ್ದುಹೋದರೆ ಪಕ್ಕದಲ್ಲಿದ್ದವನು, ಯಾವನಾದರೂ ಸರಿ, ಆ ಜಾಗಕ್ಕೆ ಕಾಲಿಡಬೇಕು. ಕಾಲಿಟ್ಟ ಗಳಿಗೆಯಿಂದ ಅವನೇ ಚೀಲ, ಚೀಲದ ಮನೆಯೇ ಅವನ ಮನೆ, ಚೀಲದ ಅವ್ವನೇ ಅವನ ಅವ್ವ. ಆ ಮನೆಯಲ್ಲಿ ಯಾರೂ ಅಳಕೂಡದು. ದಿನಾ ಮಧ್ಯಾಹ್ನ ಹೊಸ್ತಿಲ ಮೇಲೆ ಮಗನ ತಟ್ಟೆ ಇಡಬೇಕು, ಮುಖ ಮೇಲೆ ಮಾಡಿ. ತಟ್ಟೆ ಬೋರಲು ಹಾಕಿದರೆ ಸಾವು ಒಪ್ಪಿಕೊಂಡ ಹಾಗೆ. ಬಿಳಿ ಬೆತ್ತ ಹಿಡಿದ ಕಟ್ಟಳೆಯವನು ದಿನಾ ಬೀದಿ ಸುತ್ತಿ ತಟ್ಟೆ ನೋಡಿಕೊಂಡು ಹೋಗುತ್ತಿದ್ದ. ಫಿರಂಗಿಗೆ ಮಗನನ್ನು ಕಳಿಸಿದ ಮನೆಯ ಮುಂದೆ ಬೋರಲು ತಟ್ಟೆಯನ್ನು ನಮ್ಮ ತಾತಂದಿರೂ ಕಂಡವರಲ್ಲ.

ಎಂಥಾ ಅನುಕೂಲದ ಕಟ್ಟಳೆ ನೋಡಿ! ಹೆಣ ಬೀಳುತ್ತದೆ, ಸಾವು ಆಗುವುದಿಲ್ಲ.

ಯುದ್ಧ ಯಾಕೆ ಅಂದಿರಾ? ಮೂವತ್ತು ಊರು ಸೇರಿ ಒಂದು ಕೂಟ ಮಾಡಿಕೊಂಡಿದ್ದೆವು. ತೆಂಕಣದ ಕೆಲವು ಊರು ಕೂಟ ಬಿಟ್ಟು ಹೋಗುತ್ತೇವೆ ಅಂದವು. ಆ ಊರುಗಳಲ್ಲಿ ಮನುಷ್ಯರ ಕೊರಳಿಗೆ ಕಬ್ಬಿಣದ ಬಳೆ ತೊಡಿಸಿ ದುಡಿಸುತ್ತಿದ್ದರು, ಸಂತೆಯಲ್ಲಿ ನಿಲ್ಲಿಸಿ ಮಾರುತ್ತಿದ್ದರು. ಆ ಬಳೆ ಮುರಿಯುವುದಕ್ಕೇ ನಾವು ಹೋದೆವು ಅಂತ ಈಗ ಎಲ್ಲರೂ ಎದೆ ತಟ್ಟಿಕೊಂಡು ಹೇಳುತ್ತಾರೆ. ಸುಳ್ಳು ಯಾಕೆ ಹೇಳಲಿ, ಈ ವಯಸ್ಸಿನಲ್ಲಿ? ನಾವು ಹೋದದ್ದು ಕೂಟ ಒಡೆಯಬಾರದು ಅಂತ. ಬಳೆ ನಮ್ಮ ಕಣ್ಣಿಗೆ ಬಿದ್ದದ್ದು ಆಮೇಲೆ.

ಕೋಲಣ್ಣನ ತಾಯಿ ಕೋಲವ್ವ ತೊಗಲು ಹೊಲಿಯುವವಳು. ಅವರದು ನಮ್ಮ ಬೀದಿಯ ನಾಲ್ಕನೇ ಮನೆ, ನಮ್ಮದು ಮೊದಲನೆಯದು. ಹೊರಡುವುದಕ್ಕೆ ಒಂದು ತಿಂಗಳ ಮುಂಚೆ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡು ಹೆಬ್ಬೆರಳಿನ ಅಳತೆ ತೆಗೆದಳು. ಏಳು ಪದರ ಆಡಿನ ತೊಗಲು, ಪದರದ ನಡುವೆ ಕುರಿಯ ತುಪ್ಪಟ. ಕೂಸಿಗೆ ಕುಲಾವಿ ಹಾಕಿದ ಹಾಗೆ ಬೆರಳಿಗೆ ಹಾಕಿ, ಮಣಿಕಟ್ಟಿಗೆ ದಾರ ಸುತ್ತಿ ಬಿಗಿಯಾಗಿ ಎಳೆದಳು.

"ನೋಯ್ತದೆ ಕೋಲವ್ವ."

"ನೋಯಲಿ. ಇದರೊಳಗಿರೋದು ನಿನ್ನ ಬೆರಳಲ್ಲ, ನನ್ನ ಮಗನ ಎರಡು ತೋಳು. ಎತ್ತಲ್ಲ ಅನ್ನು."

"ಎತ್ತಲ್ಲ."

"ಮೂಳೆ ಕಂಡರೂ?"

"ಮೂಳೆ ಕಂಡರೂ ಎತ್ತಲ್ಲ ಕಣವ್ವ."

"ಪದರ ಸವೆದರೆ ಬಾಯಿ ಬಿಟ್ಟು ಹೇಳು. ಜಂಭ ಮಾಡಬೇಡ. ನೀನು ಜಂಭದವನು, ಅಂಬೆಗಾಲಿಡೋವಾಗಿಂದ ನೋಡಿದ್ದೀನಿ."

ನಾನು ನಕ್ಕೆ. ಆ ನಗುವನ್ನು ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕಲಿಕೆ ನಡೆದದ್ದು ಬತ್ತಿದ ಕೆರೆಯ ಅಂಗಳದಲ್ಲಿ. ಬೆಳಗಿನಿಂದ ಸಂಜೆಯವರೆಗೂ ಗುರಿಕಾರನ ಗಂಟಲು ಹರಿಯುವ ಕೂಗು. ಒರೆಸು! ತುಂಬು! ದಬ್ಬು! ಸರಿ! ಎಳಿ! ಮತ್ತೆ ಒರೆಸು! ತುಂಬು! ದಬ್ಬು! ಸರಿ! ಎಳಿ! ಉಣ್ಣುವಾಗಲೂ ನಮ್ಮ ಕೈ ಅದೇ ತಾಳಕ್ಕೆ ತುತ್ತು ಎತ್ತುತ್ತಿತ್ತು.

ಆ ಕಲಿಕೆಯಲ್ಲಿ ಒಂದು ಪದ್ಧತಿ ಇತ್ತು. ಹೆಬ್ಬೆಟ್ಟು ಹೊತ್ತಿಗೆ ಮುಂಚೆ ಬೆರಳೆತ್ತಿದರೆ ಕೋಲಿನವನು ಒರೆಸುಗೋಲು ತಿರುಗಿಸಿ ಅವನ ತಲೆಗೆ ಬಾರಿಸಬೇಕು. ಬಾರಿಸಬಹುದು ಅಂತಲ್ಲ, ಬಾರಿಸಲೇಬೇಕು. ಒಂದು ಏಟು, ರಕ್ತ ಬರುವ ಹಾಗೆ. ಬೆರಳಿಗೆ ಬುದ್ಧಿ ಹೋಗುವುದು ತಲೆಯ ಗಾಯದಿಂದಲೇ ಅಂತ ಹಿಂದಿನವರು ಕಂಡುಕೊಂಡಿದ್ದರು. ಬೇರೆ ಬೀದಿಯ ಹೆಬ್ಬೆಟ್ಟುಗಳ ತಲೆಯಲ್ಲೆಲ್ಲ ಹೊಲಿಗೆ ಇದ್ದವು.

ನಾನು ಮೂರು ಸಲ ಎತ್ತಿದೆ. ಒಮ್ಮೆ ಕಣಜದ ಹುಳ ನನ್ನ ಕಿವಿಯ ಹತ್ತಿರ ಗುಂಯ್ ಅಂದಿತು ಅಂತ. ಒಮ್ಮೆ ಸೀನು ಬಂತು ಅಂತ. ಮೂರನೆಯ ಸಲ ನಿಜವಾದ ಮದ್ದು ಹಾರಿಸಿದ ದಿನ, ಕಬ್ಬಿಣ ಬಿಸಿಯಾಗಿ ಬೆರಳು ಚುರ್ ಅಂತು ಅಂತ. ಮೂರು ಸಲವೂ ಕೋಲಣ್ಣ ಒರೆಸುಗೋಲು ಎತ್ತಿ, ನನ್ನ ತಲೆಯ ಮೇಲಿಂದ ಹಾಯಿಸಿ, ಫಿರಂಗಿಯ ಗಾಲಿಗೆ ಬಡಿದ. ಟಕ್.

"ಹೊಡೆದೆಯೇನೋ?" ಅಂತ ಗುರಿಕಾರ ಆಚೆಯಿಂದ ಕೂಗಿದ.

"ಹೊಡೆದೆ!" ಅಂದ ಕೋಲಣ್ಣ, ನನಗೆ ಕಣ್ಣು ಮಿಟುಕಿಸುತ್ತಾ.

ಮೂರನೆಯ ಸಲ ಕೋಲವ್ವ ಏರಿಯ ಮೇಲೆ ಬುತ್ತಿ ಹಿಡಿದು ನಿಂತಿದ್ದಳು. ಟಕ್ ಅಂದದ್ದು ಮರದ ಸದ್ದೋ ತಲೆಯ ಸದ್ದೋ ಅಂತ ತಿಳಿಯದವಳಾ ಅವಳು? ಬುತ್ತಿ ಕೆಳಗಿಟ್ಟು ಚೀರಿದಳು. "ಗಾಲಿಗೆ ಬಡಿದು ಹಲ್ಲು ಕಿರೀತೀಯಲ್ಲೋ! ತಲೆಗೆ ಹೊಡಿಯೋ! ನಿನ್ನ ತೋಳು ಕಣೋ ಅದು!"

"ಪಾಪ ಬಿಡವ್ವ, ಕಲೀತಾನೆ," ಅಂದ ಕೋಲಣ್ಣ. ಆಮೇಲೆ ನನ್ನ ತಲೆ ಸವರಿದ. ಆ ಕೈ ಎಷ್ಟು ದೊಡ್ಡದಿತ್ತು ಅಂದರೆ ನನ್ನ ತಲೆಯೆಲ್ಲ ಮುಚ್ಚಿಹೋಯಿತು.

ಹೊರಟೆವು. ಆರು ಫಿರಂಗಿ ಒಂದರ ಹಿಂದೊಂದು, ಗಾಲಿಗೆ ಗಾಲಿ ಮಾತಾಡಿಕೊಂಡು. ಅವ್ವಂದಿರು ಹೊಸ್ತಿಲಲ್ಲಿ ತಟ್ಟೆ ಇಟ್ಟರು, ಮುಖ ಮೇಲೆ ಮಾಡಿ.

ಮೊದಲನೆಯ ಕದನ ಒಂದು ಜೋಳದ ಹೊಲದಲ್ಲಿ. ತೆನೆ ನಮ್ಮ ಎದೆಮಟ್ಟ ಬಂದಿತ್ತು. ಒರೆಸು, ತುಂಬು, ದಬ್ಬು, ಸರಿ, ಎಳಿ. ಮಧ್ಯಾಹ್ನದ ಹೊತ್ತಿಗೆ ಆ ಹೊಲದಲ್ಲಿ ನಿಂತ ದಂಟು ಒಂದೂ ಇರಲಿಲ್ಲ, ಅದರ ನಡುವೆ ಬಂದವರೂ ಇರಲಿಲ್ಲ. ಕುಯ್ಲು ನಾವೇ ಮಾಡಿದ್ದು. ಆಚೆಯವರ ಗುಂಡೊಂದು ನೆಲಕ್ಕೆ ಬಡಿದು ಪುಟಿದು, ಚೀಲವನ್ನು ಸೊಂಟದ ಹತ್ತಿರ ಎರಡು ಮಾಡಿಕೊಂಡು ಹೋಯಿತು. ಅವನ ಕಾಲು ಇನ್ನೂ ಒಂದು ಹೆಜ್ಜೆ ನಡೆಯಿತು. ದೇವರಾಣೆ, ನಡೆಯಿತು, ನಾನು ಕಂಡಿದ್ದೇನೆ.

"ಜಾಗ!" ಅಂತ ಗುರಿಕಾರ ಕೂಗಿದ. ಹಿಂದೆ ಗಾಡಿ ಹೊಡೆಯುತ್ತಿದ್ದ ಪರವೂರಿನವನೊಬ್ಬ ಓಡಿಬಂದು, ಸತ್ತವನ ರಕ್ತದಲ್ಲೇ ಕಾಲೂರಿ ಚೀಲ ಎತ್ತಿಕೊಂಡ. ಒರೆಸು, ತುಂಬು, ದಬ್ಬು. ಮಾರನೆಯ ದಿನ ಊರಿಗೆ ಸುದ್ದಿ ಹೋಯಿತು, ಎರಡೇ ಮಾತು: ಜಾಗ ತುಂಬಿದೆ. ಚೀಲದ ಅವ್ವ ಅಳಲಿಲ್ಲವಂತೆ. ತಟ್ಟೆ ಇಟ್ಟಳಂತೆ.

ಎರಡನೆಯದು ಹೊಳೆ ದಾಟುವಾಗ. ಕುದುರೆಗಳು ನೀರಿನಲ್ಲೇ ಸತ್ತವು, ಆರಕ್ಕೆ ಆರೂ, ಕಟ್ಟಿದ ಹಗ್ಗದಲ್ಲೇ ತೂಗಾಡುತ್ತಾ. ಹುರಿ ಸತ್ತ, ಅವನ ಜಾಗಕ್ಕೆ ಬಂದವನೂ ಸತ್ತ, ಅವನ ಜಾಗಕ್ಕೆ ಇನ್ನೊಬ್ಬ ಬಂದ. ಒಂದೇ ದಿನ ಒಬ್ಬಳೇ ತಾಯಿಗೆ ಮೂವರು ಮಕ್ಕಳು, ಮೂವರೂ ಒಬ್ಬನೇ. ಊರಿಗೆ ಹೋದದ್ದು ಅದೇ ಎರಡು ಮಾತು. ಗಾಡಿ ಬಿಟ್ಟು ಚೀಲವಾಗಿದ್ದವನೂ ಅಲ್ಲೇ ಹೊಳೆಯಲ್ಲಿ ತೇಲಿಹೋದ. ಆಚೆ ದಡಕ್ಕೆ ಫಿರಂಗಿ ಎಳೆದು ನಿಲ್ಲಿಸಿದಾಗ ಚೀಲದ ಜಾಗ ಖಾಲಿ ಇತ್ತು, ನಮ್ಮ ಹಿಂದೆ ಯಾರೂ ಉಳಿದಿರಲಿಲ್ಲ.

ಆಗ ಬಂದ ಬಳೆಯವನು. ಜೊಂಡಿನೊಳಗಿಂದ ಎದ್ದು ಬಂದ, ಮೈತುಂಬ ಕೆಸರು, ಕೊರಳಲ್ಲಿ ಕಬ್ಬಿಣದ ಬಳೆ. ಆಚೆಯವರ ಊರಿನಿಂದ ಓಡಿಬಂದಿದ್ದ. ಯಾರೂ ಕರೆಯಲಿಲ್ಲ. ಬಂದವನೇ ಖಾಲಿ ಜಾಗದಲ್ಲಿ ನಿಂತು ಮದ್ದಿನ ಚೀಲ ಎತ್ತಿದ. ಗುರಿಕಾರ ಅವನ ಕೊರಳು ನೋಡಿದ, ಜಾಗ ನೋಡಿದ, "ತುಂಬು!" ಅಂದ. ಕಟ್ಟಳೆಯ ಪ್ರಕಾರ ಆವತ್ತಿನಿಂದ ಅವನು ಚೀಲ. ನಾನು ಮಾತ್ರ ಮನಸ್ಸಿನಲ್ಲಿ ಬಳೆಯವನು ಅಂತಲೇ ಅನ್ನುತ್ತಿದ್ದೆ, ಈಗಲೂ ಹಾಗೇ ಹೇಳುತ್ತೇನೆ.

ಆ ಸಂಜೆ ಕುದುರೆಯ ಜಾಗದವನು ಅರ ತಂದು ಬಳೆ ಉಜ್ಜಿ ಕತ್ತರಿಸಿದ. ಕೆಳಗೆ ಕೊರಳಿನ ಚರ್ಮ ಬೆಂದ ಬದನೆಕಾಯಿಯ ಸಿಪ್ಪೆಯ ಹಾಗಿತ್ತು. ಕೋಲಣ್ಣ ಎಣ್ಣೆ ಹಚ್ಚಿದ. ಹಚ್ಚುತ್ತಾ ನಮ್ಮೂರಿನ ಕಟ್ಟಳೆ ಹೇಳಿದ.

"ಈ ಜಾಗಕ್ಕೆ ಮನೆ ಇದೆಯಾ ಅಣ್ಣ?" ಅಂತ ಬಳೆಯವನು ಕೇಳಿದ.

"ಇದೆ. ಬೀದಿಯ ಎರಡನೇ ಮನೆ."

"ಆ ತಾಯಿ ನನ್ನನ್ನ ಬಾ ಮಗನೇ ಅಂತಾಳಾ?"

"ಅನ್ನಲೇಬೇಕು. ಕಟ್ಟಳೆ."

ಅವನು ಕೊರಳು ಮುಟ್ಟಿಕೊಂಡ. "ನನ್ನವ್ವನ್ನ ನನಗಿಂತ ಮೊದಲು ಮಾರಿಬಿಟ್ಟರು," ಅಂದ. "ಬಾ ಅಂತ ಯಾರಾದರೂ ಕರೆದರೆ ಸಾಕು. ಕಟ್ಟಳೆಗೇ ಕರೀಲಿ." ನಮ್ಮ ತಾಯಂದಿರ ಬಾಯಿಗೆ ಬಟ್ಟೆ ತುರುಕಿದ ಕಟ್ಟಳೆ ಈ ಮನುಷ್ಯನಿಗೆ ಮನೆ ಕೊಡುತ್ತಿತ್ತು. ಸರಿಯೋ ತಪ್ಪೋ ಅಂತ ನನಗೆ ಆಗಲೂ ಗೊತ್ತಾಗಲಿಲ್ಲ.

ಇಷ್ಟರಲ್ಲಿ ನನ್ನ ಬೆರಳಿನ ಕುಲಾವಿ ಸವೆಯುತ್ತಿತ್ತು. ಜೋಳದ ಹೊಲದಲ್ಲಿ ಎರಡು ಪದರ ಸುಟ್ಟಿತು. ಹೊಳೆಯಲ್ಲಿ ಎರಡು. ಆಮೇಲಿನ ಹೆಸರಿಲ್ಲದ ಕದನಗಳಲ್ಲಿ ಇನ್ನೆರಡು. ಒಂದೇ ಉಳಿದಿತ್ತು, ಅದೂ ಕರಕಲು.

"ಕುಲಾವಿ ಹೇಗಿದೆಯೋ?" ಅಂತ ಕೋಲಣ್ಣ ಕೇಳಿದ, ಆ ಗುಡ್ಡ ಹತ್ತುವ ದಿನ ಬೆಳಿಗ್ಗೆ.

"ಗಟ್ಟಿ ಇದೆ. ಇನ್ನೂ ನಾಲ್ಕು ಪದರ."

ಯಾಕೆ ಹಾಗಂದೆ? ಬೇರೆ ಬೀದಿಯ ಹೆಬ್ಬೆಟ್ಟುಗಳು ಬರಿಬೆರಳಿನಲ್ಲಿ ಒತ್ತಿದ್ದೇವೆ ಅಂತ ಕೊಚ್ಚಿಕೊಳ್ಳುತ್ತಿದ್ದರು. ಅವರ ಮುಂದೆ ತೊಗಲು ಬೇಡುವುದಾ ಅಂತ ನನ್ನ ಜಂಭ. ಬಳೆಯವನು ನನ್ನ ಬೆರಳು ನೋಡಿದ್ದ. ಹತ್ತಿರ ಬಂದು, "ಹೇಳಿಬಿಡು ಅಣ್ಣ, ಸತ್ತ ಕುದುರೆಯ ಜೀನು ಇದೆ, ಒಂದು ತುಂಡು ಕತ್ತರಿಸಿ ಕೊಡ್ತೀನಿ," ಅಂದ. "ನಿನ್ನ ಚೀಲ ನೀನು ನೋಡ್ಕೋ," ಅಂದುಬಿಟ್ಟೆ.

ಗುಡ್ಡದ ನೆತ್ತಿಯಲ್ಲಿ ಮೊಳಕಾಲೆತ್ತರದ ಕಲ್ಲುಗೋಡೆ. ಅದರ ಹಿಂದೆ ನಮ್ಮ ಆರು ಫಿರಂಗಿ. ಕೆಳಗಿನಿಂದ ಆಚೆಯವರು ಹತ್ತಿ ಬಂದರು. ಬಿದ್ದವರ ಮೇಲೆ ಕಾಲಿಟ್ಟು ಬಂದರು, ಅವರ ಮೇಲೆ ಇನ್ನೊಬ್ಬರು ಕಾಲಿಟ್ಟು ಬಂದರು. ಗುಡ್ಡ ಗಂಟೆಗಂಟೆಗೂ ಎತ್ತರವಾಗುತ್ತಿತ್ತು. ಉಂಡೆ ಗುಂಡು ಮುಗಿಯಿತು. ಚೂರುಗುಂಡು ತುಂಬಿದ ಡಬ್ಬಿಗಳನ್ನು ಎರಡೆರಡು ಸೇರಿಸಿ ತುಂಬಿದೆವು. ಎಳೆದಾಗಲೆಲ್ಲ ಮುಂದೆ ಇಪ್ಪತ್ತು ಮನುಷ್ಯರಿದ್ದ ಕಡೆ ಕೆಂಪು ಮಂಜು ಏಳುತ್ತಿತ್ತು, ಮಂಜು ಇಳಿದರೆ ಅಲ್ಲಿ ಹಲ್ಲು, ಬೂಟು, ಟೋಪಿ. ಐದನೆಯ ಫಿರಂಗಿ ಬಿರಿದು ತನ್ನವರನ್ನೇ ತಿಂದಿತು. ಎರಡನೆಯದರ ಆರೂ ಜಾಗದವರನ್ನು ಆಚೆಯವರು ಚುಚ್ಚಿ ಕೊಂದರು, ಅವರಲ್ಲೊಬ್ಬ ಅದರ ಮೇಲೆ ಹತ್ತಿ ಕೇಕೆ ಹಾಕಿದ. ಕುದುರೆಯ ಜಾಗದವನು ಅರವನ್ನೇ ಅವನ ಕಣ್ಣಿಗೆ ಹೊಡೆದ. ನಾನು ಏನೂ ಮಾಡಲಿಲ್ಲ. ನನ್ನ ಕೆಲಸ ಬೆರಳೊತ್ತುವುದು. ಒತ್ತಿದೆ. ಒತ್ತಿದೆ. ಒತ್ತಿದೆ.

ಬಕೆಟ್ಟಿನ ನೀರು ಮುಗಿಯಿತು. ಉಚ್ಚೆ ಹೊಯ್ದು ಕುರಿತೊಗಲು ನೆನೆಸಿದೆವು. ಅದೂ ಮುಗಿಯಿತು. ಒರೆಸುಗೋಲು ಒಣಗಿಯೇ ಒಳಗೆ ಹೋಗುತ್ತಿತ್ತು, ಹೊಟ್ಟೆಯಲ್ಲಿ ಕೆಂಡ ಹಾಗೇ ಉಳಿಯುತ್ತಿತ್ತು. ಈಗ ಉಳಿದದ್ದು ನನ್ನ ಬೆರಳೊಂದೇ.

"ಒರೆಸು!" ಕೋಲಣ್ಣ ಒರೆಸಿದ. ಏಳನೆಯ ಪದರ ಹೊಗೆಯಾಡಿತು. "ತುಂಬು!" ಬಳೆಯವನು ಚೀಲ ಇಟ್ಟ. ಪದರ ತೂತಾಯಿತು. ಬೆರಳು ಕಬ್ಬಿಣಕ್ಕೆ ಅಂಟಿ ಬೆಂದಿತು. ಬೇಯುವ ವಾಸನೆ ನನ್ನ ಮೂಗಿಗೇ ಬಡಿಯಿತು. ಮೂಳೆ ಕಂಡರೂ ಎತ್ತಲ್ಲ ಅಂದಿದ್ದೆನಲ್ಲ? ಮೂಳೆ ಇನ್ನೂ ಕಂಡಿರಲಿಲ್ಲ. "ದಬ್ಬು!" ಕೋಲಣ್ಣ ಎರಡು ಕೈಯಲ್ಲೂ ಕೋಲು ಹಿಡಿದು, ಇಡೀ ಮೈ ಹಾಕಿ ದಬ್ಬಿದ.

ನಾನು ಎತ್ತಿದೆ.

ಎಷ್ಟು ಹೊತ್ತು? ಸೀನುವಷ್ಟು ಹೊತ್ತು. ಅಷ್ಟರಲ್ಲಿ ಫಿರಂಗಿ ತಾನಾಗಿ ಹಾರಿತು. ಒರೆಸುಗೋಲು ಗೋಡೆಯಾಚೆ ಹೋಗಿ ಒಬ್ಬನ ಹೊಟ್ಟೆಯಲ್ಲಿ ನಾಟಿಕೊಂಡಿತು. ಅದರ ತುದಿಯನ್ನು ಕೋಲಣ್ಣನ ಒಂದು ಕೈ ಇನ್ನೂ ಹಿಡಿದುಕೊಂಡೇ ಇತ್ತು. ಇನ್ನೊಂದು ಕೈ ಎಲ್ಲೂ ಕಾಣಲಿಲ್ಲ. ಕೋಲಣ್ಣ ಗಾಲಿಗೆ ಒರಗಿ ಕೂತ, ದಣಿದು ಕೂತವನ ಹಾಗೆ. ಭುಜದ ಕೆಳಗೆ ಏನೂ ಇರಲಿಲ್ಲ. ಮುಖ ಅರ್ಧ ಸುಟ್ಟಿತ್ತು. ಉಳಿದ ಅರ್ಧ ನನ್ನನ್ನು ನೋಡಿತು.

"ಹೊಡೀಬೇಕಿತ್ತು ಕಣೋ," ಅಂದ. ಬೈಗುಳದ ಹಾಗೆ ಅಲ್ಲ, ಮರೆತ ಕೆಲಸವೊಂದು ನೆನಪಾದ ಹಾಗೆ. ಆಮೇಲೆ ಸತ್ತ.

"ಜಾಗ!" ಅಂತ ಗುರಿಕಾರ ಅರಚಿದ. "ಜಾಗ! ಜಾಗ!"

ಕೋಲಿನ ಜಾಗಕ್ಕೆ ಹತ್ತಿರ ಇದ್ದವನು ನಾನು. ಗಾಡಿಯಡಿಯ ಇನ್ನೊಂದು ಒರೆಸುಗೋಲು ಎಳೆದುಕೊಂಡು ಅಲ್ಲಿ ಹೋಗಿ ನಿಂತೆ. ಪಾದದಡಿ ಬೆಚ್ಚಗಿತ್ತು. ಫಿರಂಗಿಯ ಕಿವಿಯ ಹತ್ತಿರ ಯಾರು? ತಿರುಗಿ ನೋಡಿದೆ. ಬಳೆಯವನು ನನ್ನ ಜಾಗದಲ್ಲಿ ನಿಂತಿದ್ದ, ಬರಿಯ ಹೆಬ್ಬೆರಳು ಒತ್ತಿಕೊಂಡು. ಚೀಲದ ಜಾಗಕ್ಕೆ ಕುದುರೆಯವನು ಬಂದ. ಒರೆಸು, ತುಂಬು, ದಬ್ಬು, ಸರಿ, ಎಳಿ. ಹೊತ್ತು ಮುಳುಗುವವರೆಗೂ ನನ್ನ ಎರಡು ತೋಳು ಬಳೆಯವನ ಬೆರಳಿನಡಿ ಇದ್ದವು. ಅವನ ಬೆರಳಿನ ಮಾಂಸ ಸುಟ್ಟು ಉದುರಿತು, ಬಿಳಿ ಮೂಳೆ ಕಂಡಿತು. ಅವನು ಎತ್ತಲಿಲ್ಲ. ಒಂದು ಸಲವೂ ಎತ್ತಲಿಲ್ಲ.

ಗುಡ್ಡ ನಮ್ಮದಾಯಿತಂತೆ. ಊರಿಗೆ ಸುದ್ದಿ ಹೋಯಿತು. ಜಾಗ ತುಂಬಿದೆ.

ಯುದ್ಧ ಇನ್ನೂ ಎರಡು ವರ್ಷ ನಡೆಯಿತು. ಹೇಳಲ್ಲ, ಅದೇ ಕಥೆ, ಬೇರೆ ಬೇರೆ ಹೊಲ. ಕೂಟ ಒಡೆಯಲಿಲ್ಲ. ಬಳೆಗಳೂ ಮುರಿದವು, ಅಷ್ಟು ಮಾತ್ರ ಸಂತೋಷದ ಮಾತು. ವಾಪಸು ಬರುವಾಗ ನಮ್ಮ ಬೀದಿಯ ಫಿರಂಗಿಯ ಜೊತೆ ಆರು ಜನ ಇದ್ದೆವು, ಹೋಗುವಾಗ ಇದ್ದ ಹಾಗೇ. ಹೋದವರಲ್ಲಿ ಬಂದವನು ನಾನೊಬ್ಬನೇ. ಗುರಿಕಾರ ಕೂಡ ಮೊದಲಿನ ಗುರಿಕಾರನಲ್ಲ.

ಬೀದಿಯ ಬಾಯಲ್ಲಿ ಕಟ್ಟಳೆಯವನು ಬಿಳಿ ಬೆತ್ತ ಅಡ್ಡ ಹಿಡಿದು ನಿಂತಿದ್ದ. ನಡು ಮಧ್ಯಾಹ್ನ. ಆರು ಹೊಸ್ತಿಲ ಮೇಲೆ ಆರು ತಟ್ಟೆ ಬಿಸಿಲಿಗೆ ಹೊಳೆಯುತ್ತಿದ್ದವು.

"ಆರು ಹೋದವು, ಆರು ಬಂದವು," ಅಂದ. "ನಮ್ಮ ಬೀದಿಯಲ್ಲಿ ಯಾರೂ ಸತ್ತಿಲ್ಲ. ಅವರವರ ಮನೆಗೆ ನಡೀರಿ."

ಮೊದಲನೆಯ ಮನೆಯಲ್ಲಿ ನಮ್ಮವ್ವ ನಿಂತಿದ್ದಳು. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನನ್ನು ನೋಡಿದಳು, ಬಾಯಿ ತೆರೆದಳು. ಬೆತ್ತ ಟಕ್ ಅಂದಿತು. ನಾನು ಮುಂದೆ ನಡೆದೆ. ಹೆಬ್ಬೆಟ್ಟಿನ ಜಾಗದವನು ಬಳೆಯವನು, ಆ ಹೊಸ್ತಿಲು ಅವನದು. ನನ್ನ ಬೆನ್ನ ಹಿಂದೆ ನನ್ನವ್ವ "ಬಾ ಮಗನೇ," ಅಂದದ್ದು ಕೇಳಿಸಿತು. ಯಾರನ್ನು ನೋಡುತ್ತಾ ಅಂದಳೋ ನಾನು ತಿರುಗಿ ನೋಡಲಿಲ್ಲ. ಎರಡನೆಯ ಮನೆ. ಬಾ ಮಗನೇ. ಮೂರನೆಯ ಮನೆ. ಬಾ ಮಗನೇ.

ನಾಲ್ಕನೆಯ ಮನೆಯ ಹೊಸ್ತಿಲಲ್ಲಿ ಕೋಲವ್ವ ಕೂತಿದ್ದಳು, ಮಡಿಲಲ್ಲಿ ತೊಗಲು, ಕೈಯಲ್ಲಿ ದಬ್ಬಣ. ತಲೆ ಎತ್ತಲಿಲ್ಲ. ನಾನು ಒರೆಸುಗೋಲು ಹಿಡಿದು ನಿಂತೆ. ಕಟ್ಟಳೆಯವನು ನನ್ನ ಹಿಂದೆ ಬಂದು ನಿಂತ.

"ಅನ್ನು ತಾಯಿ. ಬಾ ಮಗನೇ ಅನ್ನು."

"ಬಲಗೈ ಕೊಡು," ಅಂದಳು ಕೋಲವ್ವ, ನನಗೆ.

ಕೊಟ್ಟೆ. ನನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿದಳು. ಸುಟ್ಟ ಗಾಯ ಒಣಗಿ ಕಪ್ಪು ಗುಂಡಿಯ ಹಾಗೆ ಗಟ್ಟಿಯಾಗಿತ್ತು. ಅದನ್ನು ಉಗುರಿನಿಂದ ಒತ್ತಿದಳು.

"ಮೂಳೆ ಕಂಡಿಲ್ಲ," ಅಂದಳು.

"ಇಲ್ಲ ಕೋಲವ್ವ."

"ಎತ್ತಿದೆಯಾ?"

"ಎತ್ತಿದೆ."

"ಪದರ ಸವೆದದ್ದು ಹೇಳಿದ್ದೆಯಾ ಅವನಿಗೆ?"

"ಇಲ್ಲ. ನಾಲ್ಕಿದೆ ಅಂದೆ. ಒಂದೇ ಇತ್ತು."

ಕೋಲವ್ವ ದಬ್ಬಣ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಎದ್ದಳು. "ಕಲಿಕೆಯಲ್ಲಿ ಎಷ್ಟು ಸಲ ಗಾಲಿಗೆ ಬಡಿದ ನನ್ನ ಮಗ?"

"ಮೂರು ಸಲ."

"ಕೋಲು ಕೊಡು. ಬಗ್ಗು."

"ತಾಯೀ!" ಅಂತ ಕಟ್ಟಳೆಯವನು ಕೂಗಿದ. "ಅವನು ನಿನ್ನ ಮಗ! ಜಾಗ ತುಂಬಿದೆ!"

"ಮುಚ್ಚೋ ಬಾಯಿ. ಇವನು ಮೊದಲನೇ ಮನೆಯ ಹೆಬ್ಬೆಟ್ಟು. ನನ್ನ ಮಗನ್ನ ಕೊಂದವನು. ನನ್ನ ಮಗ ಸತ್ತಿದ್ದಾನೆ."

ಸತ್ತಿದ್ದಾನೆ. ನಮ್ಮ ಬೀದಿಯಲ್ಲಿ ಆ ಮಾತು ಆಡಿದ ಮೊದಲ ಬಾಯಿ ಅದು. ಮೊದಲನೆಯ ಏಟು ಬಿತ್ತು. ನೆತ್ತಿ ಬಿರಿದು ಕಣ್ಣಿಗೆ ರಕ್ತ ಇಳಿಯಿತು. ಸುಳ್ಳಲ್ಲ, ನನಗೆ ಹಾಯೆನಿಸಿತು. ಎರಡು ವರ್ಷ ಆ ಏಟಿಗಾಗಿ ತಲೆ ಕಾದು ನಿಂತಿತ್ತು. ಎರಡನೆಯ ಏಟಿಗೆ ಮೊಣಕಾಲೂರಿದೆ. ಮೂರನೆಯದಕ್ಕೆ ಕಣ್ಣು ಮುಚ್ಚಿದೆ.

ಬೀಳಲಿಲ್ಲ. ಕೋಲವ್ವ ಒರೆಸುಗೋಲು ಗೋಡೆಗೆ ಒರಗಿಸಿದಳು. "ಒಂದು ಉಳಿಸಿಕೊಂಡಿದ್ದೀನಿ," ಅಂದಳು. "ನನಗೆ ಬೇಕೆನಿಸಿದ ದಿನ ಹೊಡೀತೀನಿ. ದಿನಾ ಮಧ್ಯಾಹ್ನ ಬಂದು ತಲೆ ಬಗ್ಗಿಸಿ ಹೋಗು." ಆಮೇಲೆ ಹೊಸ್ತಿಲ ಮೇಲಿನ ತಟ್ಟೆ ಎತ್ತಿ, ಅನ್ನ ಬೀದಿಗೆ ಚೆಲ್ಲಿ, ಬೋರಲು ಬಡಿದಳು. ಅಳು ಆಗ ಬಂತು. ಅದು ಹೆಂಗಸಿನ ಅಳುವೇ ಆಗಿರಲಿಲ್ಲ, ಆ ಗುಡ್ಡದ ಮೇಲೆ ಫಿರಂಗಿ ಬಿರಿದಾಗ ಕೇಳಿದ ಸದ್ದು.

ಎರಡನೆಯ ಮನೆಯ ತಟ್ಟೆ ಬೋರಲು ಬಿತ್ತು. ಮೂರನೆಯದು. ಐದನೆಯದು. ಆರನೆಯದು. ಪಕ್ಕದ ಬೀದಿ, ಅದರಾಚೆಯ ಬೀದಿ. ಕಟ್ಟಳೆಯವನು ಬೆತ್ತ ಬೀಸುತ್ತಾ ಓಡಾಡಿದ. ಹುರಿಯ ಅವ್ವ ಅವನ ಬೆತ್ತ ಕಸಿದು ಅವನ ಮುಖಕ್ಕೇ ಬಾರಿಸಿದಳು. ಹೊಳೆಯಲ್ಲೇ ಇಬ್ಬರು ಮಕ್ಕಳು ಸತ್ತಿದ್ದರು ಅವಳಿಗೆ. ಉಳಿದ ಹೆಂಗಸರೂ ಸೇರಿಕೊಂಡರು. ಅವನನ್ನು ಬಿಡಿಸುವುದಕ್ಕೆ ನಾವು ಯಾರೂ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಉಳಿದದ್ದು ಮುರಿದ ಬೆತ್ತ ಮತ್ತು ಅವನ ಎರಡು ಚಪ್ಪಲಿ. ನಾಲ್ಕು ವರ್ಷದ ಸಾವೆಲ್ಲ ಒಂದೇ ಮಧ್ಯಾಹ್ನ ಸತ್ತವು.

ನಾನು ರಕ್ತ ಒರೆಸಿಕೊಳ್ಳುತ್ತಾ ಮೊದಲನೆಯ ಮನೆಗೆ ಬಂದೆ. ಬಳೆಯವನು ಹೊಸ್ತಿಲಿಂದ ಎದ್ದು ನಿಂತಿದ್ದ, ಕಾಲಿಗೆ ಮೆಟ್ಟು ಹಾಕಿಕೊಂಡು. "ನಿನ್ನ ಮಗ ಬಂದ ತಾಯಿ. ನಾನು ಬರ್ತೀನಿ," ಅಂದ.

"ಎಲ್ಲಿಗೆ?" ಅಂದಳು ನಮ್ಮವ್ವ. "ಬಾ ಅಂದ ಬಾಯಿ ಇದು. ಹೋಗು ಅನ್ನೋಕೆ ಬರಲ್ಲ." ಒಳಗೆ ಹೋಗಿ ಇನ್ನೊಂದು ತಟ್ಟೆ ತಂದಳು. ಅವನು ಮೂಳೆಯ ಬೆರಳಿನಿಂದ ಅನ್ನ ಕಲಸುತ್ತಾ ಅತ್ತ. ನಾನೂ ಅತ್ತೆ.

ಆಮೇಲೆ ದಿನಾ ಮಧ್ಯಾಹ್ನ ಕೋಲವ್ವನ ಮನೆಗೆ ಹೋಗಿ ತಲೆ ಬಗ್ಗಿಸಿ ನಿಲ್ಲುತ್ತಿದ್ದೆ. ಅವಳು ತೊಗಲು ಹೊಲಿಯುತ್ತಲೇ, "ಇವತ್ತು ಬೇಡ, ಹೋಗು," ಅನ್ನುತ್ತಿದ್ದಳು. ಮಳೆಗಾಲ, ಚಳಿಗಾಲ, ನನ್ನ ಮದುವೆಯ ದಿನ, ನಮ್ಮವ್ವ ಸತ್ತ ಮಾರನೆಯ ದಿನ. ಇವತ್ತು ಬೇಡ, ಹೋಗು. ಹದಿನೆಂಟು ವರ್ಷ. ಆ ಗೋಡೆಗೆ ಒರಗಿದ ಒರೆಸುಗೋಲು ನನ್ನ ಕಣ್ಣು ತಪ್ಪಿದ್ದೇ ಇಲ್ಲ.

ಕೊನೆಗೆ ಅವಳು ಹಾಸಿಗೆ ಹಿಡಿದಳು. ಹೋದೆ. ಮಂಚದ ಪಕ್ಕ ನೆಲದ ಮೇಲೆ ಮೊಣಕಾಲೂರಿ ತಲೆ ಬಗ್ಗಿಸಿದೆ.

"ಕೋಲು ಕೊಡು," ಅಂದಳು.

ಎತ್ತಿ ಕೈಗೆ ಕೊಟ್ಟೆ. ಎರಡು ಕೈಯಲ್ಲೂ ಹಿಡಿಯಲಾರದೆ ಹಿಡಿದುಕೊಂಡಳು. ಅದು ನನ್ನ ತಲೆಯ ಮೇಲೆ ನಡುಗುತ್ತಿದ್ದದ್ದು ಗಾಳಿಯಿಂದಲೇ ಗೊತ್ತಾಗುತ್ತಿತ್ತು. ನನ್ನ ಕೂದಲು ಸವರಿಕೊಂಡು ಆಚೆಗೆ ಹಾಯಿತು. ಮಂಚದ ಕಾಲಿಗೆ ಬಡಿಯಿತು. ಟಕ್.

"ಬೇಡವ್ವ!" ಅಂತ ಕಿರುಚಿದೆ. "ಅದೇ ಅಲ್ಲವಾ ನಿನ್ನ ಮಗನ್ನ ಕೊಂದದ್ದು? ತಲೆಗೆ ಹೊಡಿ! ತಲೆಗೆ ಹೊಡಿಯವ್ವ!"

"ಹೊಡೆದೆ," ಅಂದಳು ಕೋಲವ್ವ. ಅರ್ಧ ಕಣ್ಣು ಮಿಟುಕಿಸಿದಳೋ, ಸುಮ್ಮನೆ ಮುಚ್ಚಿದಳೋ, ನನಗೆ ತಿಳಿಯಲಿಲ್ಲ.

ಅವಳ ತಟ್ಟೆಯನ್ನು ನಾನೇ ಬೋರಲು ಹಾಕಿದೆ. ಮೊದಲಿನ ಎರಡು ಏಟಿನ ಗಾಯ ಎಂದೋ ಮಾಯ್ದು ಕೂದಲೂ ಬಂದಿದೆ. ಈ ಮೂರನೆಯದು ಮಾತ್ರ ಇನ್ನೂ ನೋಯುತ್ತದೆ.